ಸೆನ್ಸರ್ ಆಫ್‌ಲೈನ್ ಆದರೆ ರೀಸೆಟ್‌ಗೆ ಮುಂಚೆ ಗಡಿಯಾರ ನೋಡಿ

ಬಾಗಿಲು ತೆರೆದರೆ ತಿಳಿಸುವ ಸೆನ್ಸರ್, ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಹೇಳುವ ಸೆನ್ಸರ್, ಗೇಟಿನ ಬಳಿ ಯಾರಾದರೂ ಸುಳಿದರೆ ದೀಪ ಹೊತ್ತಿಸುವ ಸೆನ್ಸರ್. ಮೈಸೂರಿನ ಬಡಾವಣೆಗಳಲ್ಲಿ, ಅದರಲ್ಲೂ ಮಕ್ಕಳು ದೂರದೂರಿನಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳಲ್ಲಿ, ಇವೆಲ್ಲ ಈಗ ಮಾಮೂಲು. ಇವುಗಳ ಮೇಲಿನ ದೂರೂ ಮಾಮೂಲು: ನಾಲ್ಕು ದಿನ ನೆಟ್ಟಗೆ ಕೆಲಸ ಮಾಡುತ್ತದೆ, ಐದನೆಯ ದಿನ ಆ್ಯಪ್ ತೆರೆದರೆ ‘ಆಫ್‌ಲೈನ್’ ಎಂದು ಬೂದು ಬಣ್ಣಕ್ಕೆ ತಿರುಗಿ ಕೂತಿರುತ್ತದೆ.

ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸೆನ್ಸರನ್ನು ಗೋಡೆಯಿಂದ ಕಿತ್ತು, ಹಬ್ (ಸೆನ್ಸರ್‌ಗಳ ಮಾತು ಕೇಳಿ ಆ್ಯಪ್‌ಗೆ ಮುಟ್ಟಿಸುವ ಡಬ್ಬಿ) ಪಕ್ಕಕ್ಕೆ ತಂದು, ಪಿನ್ನು ಚುಚ್ಚಿ ರೀಸೆಟ್ ಮಾಡಿ, ಹೊಸದಾಗಿ ಜೋಡಿಸುವುದು. ಜೋಡಣೆ ಆಗುತ್ತದೆ, ಯಾಕಾಗಲ್ಲ, ಹಬ್ ಮಗ್ಗುಲಲ್ಲೇ ಇದೆಯಲ್ಲ! ವಾಪಸ್ ಅದರ ಜಾಗದಲ್ಲಿ ಅಂಟಿಸಿ ಎರಡು ದಿನ ಕಳೆದರೆ ಮತ್ತೆ ಅದೇ ಕಥೆ. ಕಾರಣ ಇದ್ದಲ್ಲೇ ಇರುತ್ತದೆ, ರೀಸೆಟ್‌ನಿಂದ ಅದರ ಗುರುತು ಅಳಿಸಿಹೋಗಿರುತ್ತದೆ, ಅಷ್ಟೇ. ಸೆನ್ಸರೇ ಕೆಟ್ಟಿರುವುದು ನಾನು ಕಂಡ ಮಟ್ಟಿಗೆ ಕಡಿಮೆ. ಸೆನ್ಸರಿಗೂ ಹಬ್‌ಗೂ ನಡುವೆ ಮನೆಯಲ್ಲಿ ಏನೋ ಬದಲಾಗಿರುತ್ತದೆ, ಅದನ್ನು ಪತ್ತೆ ಹಚ್ಚಬೇಕು. ಕೆಳಗಿನ ಕ್ರಮ ಅದಕ್ಕಾಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಹೆಜ್ಜೆ 1: ಅದು ಯಾವ ರೇಡಿಯೊದಲ್ಲಿ ಮಾತಾಡುತ್ತದೆ ತಿಳಿದುಕೊಳ್ಳಿ

ಜೋಡಿಸುವಾಗ ಮನೆಯ ವೈ-ಫೈ ಪಾಸ್‌ವರ್ಡ್ ಕೇಳಿತ್ತೇ? ಹಾಗಾದರೆ ಅದು ವೈ-ಫೈ ಸೆನ್ಸರ್. ಜೊತೆಗೆ ಒಂದು ಪುಟ್ಟ ಡಬ್ಬಿ, ಅಂದರೆ ಹಬ್, ಬೇಕಾಗಿತ್ತೇ? ಹಾಗಾದರೆ ಹೆಚ್ಚಾಗಿ ಜಿಗ್‌ಬೀ ಎಂಬ ಕಡಿಮೆ ಕರೆಂಟಿನ ರೇಡಿಯೊ, ಇಲ್ಲವೇ ಬ್ಲೂಟೂತ್. ಇತ್ತೀಚಿನವು ಕೆಲವು ಥ್ರೆಡ್, ಅದೂ ಅಂಥದೇ ರೇಡಿಯೊ. ನಾಣ್ಯದಂಥ ಗುಂಡು ಸೆಲ್ಲಿನಲ್ಲಿ ನಡೆಯುವ ಸೆನ್ಸರ್ ವೈ-ಫೈ ಆಗಿರುವುದು ಕಷ್ಟ. ವೈ-ಫೈ ಚಿಪ್ ಮಾತಾಡುವ ಕ್ಷಣದಲ್ಲಿ 150 ಮಿಲಿಆಂಪಿಯರ್‌ಗೂ ಮೀರಿ ಎಳೆಯುತ್ತದೆ, ಅಷ್ಟನ್ನು ಆ ಸೆಲ್ ಕೊಡಲಾರದು.

ಅಮೆರಿಕದಿಂದ ಮಗಳು ತಂದುಕೊಟ್ಟ ಝಡ್-ವೇವ್ (ಇನ್ನೊಂದು ಬಗೆಯ ರೇಡಿಯೊ) ಸಾಧನವಾದರೆ ಇಲ್ಲೇ ನಿಂತುಬಿಡಿ. ಅದು ಅಲ್ಲಿನ 908 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ನಮ್ಮ ದೇಶದ ಝಡ್-ವೇವ್ ಇರುವುದು 865 ಮೆಗಾಹರ್ಟ್ಸ್‌ನಲ್ಲಿ. ಇಲ್ಲಿ ಕೊಂಡ ಹಬ್ ಜೊತೆ ಅದು ಮಾತೇ ಆಡುವುದಿಲ್ಲ, ಎಷ್ಟು ರೀಸೆಟ್ ಮಾಡಿದರೂ ಅಷ್ಟೇ. ವೈ-ಫೈ, ಜಿಗ್‌ಬೀ, ಬ್ಲೂಟೂತ್, ಥ್ರೆಡ್ ನಾಲ್ಕೂ 2.4 ಗಿಗಾಹರ್ಟ್ಸ್‌ನಲ್ಲೇ ನಡೆಯುವುದರಿಂದ ಅವಕ್ಕೆ ಈ ತೊಡಕಿಲ್ಲ. ಆದರೆ ಒಂದೇ ಓಣಿಯಲ್ಲಿ ಎಲ್ಲರೂ ಕೂಗಾಡುವ ತೊಡಕು ಇದೆ, ಅದು ಮುಂದೆ ಬರುತ್ತದೆ.

ಹೆಜ್ಜೆ 2: ಎಷ್ಟು ಹೊತ್ತಿಗೆ ತಪ್ಪುತ್ತದೆ ಬರೆದಿಡಿ

ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ, ಜನ ಹಾರಿಸುವುದೂ ಇದನ್ನೇ. ಆ್ಯಪ್‌ನಲ್ಲಿ ಆ ಸೆನ್ಸರಿನ ಇತಿಹಾಸ ತೆರೆದು, ಕೊನೆಯ ಸಂದೇಶ ಯಾವಾಗ ಬಂದಿದೆ ನೋಡಿ. ಅಡುಗೆಮನೆಯ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ ಬರೆಯುವುದು, ಅದರಲ್ಲೇ ಒಂದು ವಾರ ಗುರುತು ಹಾಕಿ. ಕರೆಂಟ್ ಹೋದದ್ದನ್ನೂ ಪಕ್ಕದಲ್ಲೇ ಬರೆಯಿರಿ.

ಇಲ್ಲೊಂದು ಸೂಕ್ಷ್ಮ ಇದೆ. ಬ್ಯಾಟರಿ ಸೆನ್ಸರ್ ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತದೆ. ಬಾಗಿಲು ತೆರೆದಾಗ ಎದ್ದು ಹೇಳುತ್ತದೆ, ಏನೂ ಆಗದಿದ್ದರೆ ಎಷ್ಟೋ ಹೊತ್ತಿಗೊಮ್ಮೆ ಎದ್ದು ‘ಇದ್ದೇನೆ’ ಎಂದು ಹೇಳಿ ಮತ್ತೆ ಮಲಗುತ್ತದೆ. ಹಾಗಾಗಿ ಸದ್ದಿಲ್ಲ ಎಂದ ತಕ್ಷಣ ಹಬ್ ಅದನ್ನು ಆಫ್‌ಲೈನ್ ಎನ್ನುವುದಿಲ್ಲ, ಒಂದು ಗಡುವಿನವರೆಗೆ ಕಾಯುತ್ತದೆ. ಮನೆಯ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದಲ್ಲಿ ಜಿಗ್‌ಬೀ ನೋಡಿಕೊಳ್ಳುವ ಝಡ್‌ಎಚ್‌ಎ ಭಾಗದಲ್ಲಿ ಬ್ಯಾಟರಿ ಸಾಧನಕ್ಕೆ ಮೊದಲೇ ಇಟ್ಟಿರುವ ಗಡುವು 6 ಗಂಟೆ, ಕರೆಂಟಿನ ಸಾಧನಕ್ಕೆ 2 ಗಂಟೆ. ಜಿಗ್‌ಬೀ2ಎಂಕ್ಯೂಟಿಟಿ ಎಂಬ ಇನ್ನೊಂದು ತಂತ್ರಾಂಶದಲ್ಲಾದರೆ ಬ್ಯಾಟರಿ ಸಾಧನಕ್ಕೆ 25 ಗಂಟೆ. ಅಂದರೆ 6 ಗಂಟೆಯ ಗಡುವಿದ್ದು ಮಧ್ಯಾಹ್ನ ಮೂರಕ್ಕೆ ಆಫ್‌ಲೈನ್ ಎಂದು ಬಂದರೆ ಸಂಪರ್ಕ ತಪ್ಪಿದ್ದು ಮೂರಕ್ಕಲ್ಲ, ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಗಡುವನ್ನು ಹಿಂದಕ್ಕೆ ಎಣಿಸಿ.

ಕುವೆಂಪುನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಆದದ್ದು ಇದೇ. ಮುಂಬಾಗಿಲಿನ ಸೆನ್ಸರ್ ದಿನಾ ಮಧ್ಯಾಹ್ನ ಮೂರರ ಸುಮಾರಿಗೆ ಆಫ್‌ಲೈನ್, ಸಂಜೆ ತಾನಾಗಿ ಸರಿ. ಆರು ಗಂಟೆ ಹಿಂದಕ್ಕೆ ಎಣಿಸಿದರೆ ಒಂಬತ್ತು. ಒಂಬತ್ತಕ್ಕೆ ಆ ಮನೆಯಲ್ಲಿ ಏನಾಗುತ್ತದೆ? ಚಿಕ್ಕಪ್ಪ ವಾಕಿಂಗ್ ಮುಗಿಸಿ ಬಂದು ತಿಂಡಿ ತಿಂದು ಪೇಪರ್ ಹಿಡಿಯುತ್ತಾರೆ, ಚಿಕ್ಕಮ್ಮ ಪೂಜೆಗೆ ಕೂರುತ್ತಾರೆ. ಕೂರುವ ಮುಂಚೆ?

“ಇನ್ನೇನಪ್ಪ, ಹಾಲಲ್ಲಿ ಎಲ್ಲಾ ಸ್ವಿಚ್ಚೂ ಆರ್ಸಿ ಬರ್ತೀನಿ. ಸುಮ್ನೆ ಕರೆಂಟ್ ಯಾಕೆ ಸುಡ್ಬೇಕು?”

ಮೂಲೆಯ ಲ್ಯಾಂಪಿಗೆ ಹಾಕಿದ್ದ ಸ್ಮಾರ್ಟ್ ಪ್ಲಗ್ಗೇ ಆ ಸೆನ್ಸರಿಗೆ ದಾರಿಯಾಗಿತ್ತು. ಗೋಡೆಯ ಸ್ವಿಚ್ ಆರಿದರೆ ಪ್ಲಗ್ಗೂ ಸತ್ತ ಹಾಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರೇ ಲ್ಯಾಂಪಿನ ಸ್ವಿಚ್ ಹಾಕುತ್ತಿದ್ದರು, ಸೆನ್ಸರಿಗೆ ಜೀವ ಬರುತ್ತಿತ್ತು. ಇದು ಕಾಣದೆ ಅದುವರೆಗೆ ಎರಡು ಸಲ ಸೆಲ್ ಬದಲಾಗಿತ್ತು.

ಹೊತ್ತು ಹಿಡಿದರೆ ಕಾರಣ ಅರ್ಧ ಸಿಕ್ಕಿದ ಹಾಗೆ. ದಿನಾ ಒಂದೇ ಸಮಯಕ್ಕೆ ತಪ್ಪಿದರೆ ಯಾರೋ ಏನನ್ನೋ ಆರಿಸುತ್ತಿದ್ದಾರೆ. ಕರೆಂಟ್ ಹೋಗಿ ಬಂದ ಮೇಲೆ ತಪ್ಪಿದರೆ ವೈ-ಫೈ ರೌಟರ್ ಕಡೆ ನೋಡಿ. ಸಂಜೆ ಏಳರಿಂದ ಹತ್ತರವರೆಗೆ ಬಂದು ಹೋಗಿ ಮಾಡಿದರೆ ಅಕ್ಕಪಕ್ಕದ ಮನೆಗಳ ವೈ-ಫೈ ಗದ್ದಲ. ಮುಂಜಾನೆ ಚಳಿಯಲ್ಲಿ ಹೋಗಿ ಬಿಸಿಲೇರಿದ ಮೇಲೆ ಬಂದರೆ ಸೆಲ್ ಮುಗಿಯುತ್ತಾ ಬಂದಿದೆ. ಯಾವ ತಾಳಕ್ಕೂ ಸಿಗದೆ ಹೋಗಿ ಬರುತ್ತಿದ್ದರೆ ಸಿಗ್ನಲ್ ಅಂಚಿನಲ್ಲಿದೆ, ಜಾಗ ಬದಲಿಸಬೇಕು.

ಹೆಜ್ಜೆ 3: ಸ್ವಿಚ್ಚು ಆರಿಸುವ ಮನೆಯಲ್ಲಿ ಜಿಗ್‌ಬೀ

ನಮ್ಮ ಸಾಕೆಟ್‌ಗಳಿಗೆಲ್ಲ ಪಕ್ಕದಲ್ಲೇ ಸ್ವಿಚ್ ಇರುತ್ತದೆ, ಅಮೆರಿಕದವರ ಸಾಕೆಟ್‌ಗಳಿಗೆ ಇರುವುದಿಲ್ಲ. ಈ ಸಾಧನಗಳ ಜೊತೆ ಬರುವ ಕೈಪಿಡಿಗಳು ಪ್ಲಗ್ ಸದಾ ಚಾಲೂ ಇರುತ್ತದೆ ಎಂದುಕೊಂಡೇ ಬರೆದವು. ನಮ್ಮಲ್ಲಿ ಊರಿಗೆ ಹೊರಟರೆ ಮೇನ್ ಸ್ವಿಚ್ಚನ್ನೇ ಇಳಿಸುವವರಿದ್ದಾರೆ.

ಜಿಗ್‌ಬೀಯಲ್ಲಿ ಕರೆಂಟಿಗೆ ಜೋಡಿಸಿದ ಪ್ಲಗ್ಗು, ಬಲ್ಬು ಸಾಮಾನ್ಯವಾಗಿ ನಡುದಾರಿಯ ರೌಟರಾಗಿಯೂ, ಅಂದರೆ ಸೆನ್ಸರಿನ ಮಾತನ್ನು ಹಬ್ ಕಡೆಗೆ ದಾಟಿಸುವ ಕೊಂಡಿಯಾಗಿಯೂ ಕೆಲಸ ಮಾಡುತ್ತವೆ (ವೈ-ಫೈ ರೌಟರ್ ಬೇರೆ, ಇದು ಬೇರೆ). ನಿದ್ದೆ ಮಾಡುವ ಸೆನ್ಸರ್ ಹತ್ತಿರದ ಒಂದು ರೌಟರನ್ನು ನೆಚ್ಚಿಕೊಂಡಿರುತ್ತದೆ. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಕೀಲಿ ಕೊಟ್ಟು ‘ಯಾರಾದರೂ ಬಂದರೆ ಹೇಳಿ’ ಎನ್ನುತ್ತೇವಲ್ಲ, ಹಾಗೆ. ಆ ಪಕ್ಕದ ಮನೆಯವರೇ ಇಲ್ಲವಾದರೆ ಕೆಲವು ಸೆನ್ಸರ್‌ಗಳು ಬೇಗ ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತವೆ. ಕೆಲವು ಹಟಮಾರಿಗಳು, ಗಂಟೆಗಟ್ಟಲೆ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತವೆ.

ಮನೆಯಲ್ಲಿ ಇರುವ ಜಿಗ್‌ಬೀ ಪ್ಲಗ್ಗು, ಬಲ್ಬುಗಳನ್ನೆಲ್ಲ ಒಂದು ಸುತ್ತು ನೋಡಿ ಬನ್ನಿ. ಗೋಡೆಯ ಸ್ವಿಚ್ಚಿನಿಂದ ಆರಿಸುವ ಸ್ಮಾರ್ಟ್ ಬಲ್ಬನ್ನು ನಂಬಿ ಯಾವ ಸೆನ್ಸರನ್ನೂ ಇಡಬೇಡಿ. ರೌಟರ್ ಕೆಲಸದ ಪ್ಲಗ್ಗನ್ನು ಯಾರೂ ಮುಟ್ಟದ ಸಾಕೆಟ್ಟಿಗೆ ಹಾಕಿ. ವೈ-ಫೈ ಡಬ್ಬಿಗೆ ಕರೆಂಟ್ ಕೊಡುವ ಎಕ್ಸ್‌ಟೆನ್ಷನ್ ಬೋರ್ಡು ಆದೀತು, ಅದನ್ನು ಆರಿಸಿದರೆ ಧಾರಾವಾಹಿ ನಿಲ್ಲುತ್ತದೆ ಎಂದು ಮನೆಮಂದಿಗೆಲ್ಲ ಗೊತ್ತು. ನೀರಿನ ಫಿಲ್ಟರಿನ ಸಾಕೆಟ್ಟು ಬೇಡ, ರಾತ್ರಿ ಅದನ್ನು ಆರಿಸುತ್ತಾರೆ. ಸ್ವಿಚ್ ಮೇಲೆ ಟೇಪು ಅಂಟಿಸಿ ‘ಆರಿಸಬೇಡಿ’ ಎಂದು ಚೀಟಿ ಹಚ್ಚುವ ಉಪಾಯವೂ ಇದೆ. ಮನೆಗೆಲಸದವರು ಒರೆಸುವಾಗ ಅದು ಹೋಗುತ್ತದೆ.

ಇದಕ್ಕಿಂತ ಗಟ್ಟಿ ಪರಿಹಾರ ಸ್ವಿಚ್‌ಬೋರ್ಡಿನ ಒಳಗೇ ಕೂರುವ ಜಿಗ್‌ಬೀ ಮಾಡ್ಯೂಲ್. ಹೊರಗಿನ ಸ್ವಿಚ್ ಒತ್ತಿದರೆ ದೀಪ ಆರುತ್ತದೆ, ಮಾಡ್ಯೂಲಿಗೆ ಕರೆಂಟ್ ಇದ್ದೇ ಇರುತ್ತದೆ. ಕೊಳ್ಳುವಾಗ ನ್ಯೂಟ್ರಲ್ ತಂತಿ ಬೇಕಾಗುವ ಬಗೆಯದನ್ನೇ ಕೊಳ್ಳಿ. ನ್ಯೂಟ್ರಲ್ ಬೇಡದ ಬಗೆಯವು ಸಾಮಾನ್ಯವಾಗಿ ರೌಟರ್ ಕೆಲಸ ಮಾಡುವುದಿಲ್ಲ. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಸ್ವಿಚ್ಚುಗಳಿರುವ ಹಳೆಯ ಬೋರ್ಡಿನಲ್ಲಿ ಇರಲಿಕ್ಕಿಲ್ಲ. ಈ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಹೆಜ್ಜೆ 4: ಸೆಲ್ – ಆ್ಯಪ್ ಹೇಳುವ ಶೇಕಡಾವಾರು ನಂಬಬೇಡಿ

ಆ್ಯಪ್ 60 ಶೇಕಡಾ ಎನ್ನುತ್ತಿರುತ್ತದೆ, ಸೆಲ್ ಕೈಕೊಟ್ಟಿರುತ್ತದೆ. ಯಾಕೆಂದರೆ ಅದು ಅಳೆಯುವುದು ಸೆನ್ಸರ್ ಸುಮ್ಮನಿರುವಾಗಿನ ವೋಲ್ಟೇಜ್. ಲಿಥಿಯಂ ಗುಂಡು ಸೆಲ್ಲಿನ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದೆ ನಿಂತಿರುತ್ತದೆ, ಆದರೆ ಹಳತಾದಂತೆ ಅದರ ಒಳಗಿನ ತಡೆ ಏರುತ್ತದೆ. ಲೆಕ್ಕ ಹಾಕಿ: ಒಳತಡೆ 50 ಓಮ್‌ಗೆ ಏರಿದ ಸೆಲ್ಲಿನಿಂದ ಸೆನ್ಸರ್ ಮಾತಾಡುವ ಕ್ಷಣದಲ್ಲಿ 20 ಮಿಲಿಆಂಪಿಯರ್ ಎಳೆದರೆ 1 ವೋಲ್ಟ್ ಒಳಗೇ ಕಳೆದುಹೋಯಿತು. ಸುಮ್ಮನಿದ್ದಾಗ 2.9 ತೋರಿಸಿದ್ದು ಮಾತಾಡಲು ಹೋದಾಗ 1.9. ರೇಡಿಯೊ ಅಲ್ಲೇ ಮುಗ್ಗರಿಸುತ್ತದೆ. ಚಳಿಯಲ್ಲಿ ಒಳತಡೆ ಇನ್ನಷ್ಟು ಏರುತ್ತದೆ, ಧನುರ್ಮಾಸದ ಮುಂಜಾನೆ ಹೊರಗಿನ ಸೆನ್ಸರ್ ಮೊದಲು ಮಲಗುವುದು ಅದಕ್ಕೇ.

ಹೊಸ ಸೆಲ್ ಹಾಕಿಯೇ ನೋಡಬೇಕು, ಬೇರೆ ದಾರಿ ಇಲ್ಲ. ಹೆಸರಿನಲ್ಲೇ ಅಳತೆ ಇದೆ: ಸಿಆರ್2032 ಅಂದರೆ 20 ಮಿಲಿಮೀಟರ್ ಅಡ್ಡಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2450 ಅಂದರೆ ಸುಮಾರು 24 ಮತ್ತು 5. ಬಿಡಿಯಾಗಿ ಡಬ್ಬಿಯಲ್ಲಿ ಸುರಿದಿಟ್ಟ ಸೆಲ್ ಬೇಡ, ಕಾರ್ಡಿಗೆ ಅಂಟಿಸಿ ದಿನಾಂಕ ಅಚ್ಚಾಗಿರುವುದನ್ನು ಕೇಳಿ ತನ್ನಿ. ಶಿವರಾಂಪೇಟೆಗೋ ಅರಸು ರಸ್ತೆಗೋ ಹೋದಾಗ ಅಂಗಡಿಯವರು ‘ಇದೂ ಅದೇ ಸಾರ್, ಚಾರ್ಜ್ ಬೇರೆ ಆಗುತ್ತೆ’ ಎಂದು ಎಲ್‌ಐಆರ್2032 ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಕೊಡುತ್ತದೆ, 3 ವೋಲ್ಟಿನ ಸೆನ್ಸರ್ ಸುಟ್ಟುಹೋದೀತು. ಪೆನ್ಸಿಲ್ ಸೆಲ್ ಹಾಕುವ ಸೆನ್ಸರಿಗೆ ಚಾರ್ಜ್ ಮಾಡುವ ಸೆಲ್ ಹಾಕಿದರೆ ತದ್ವಿರುದ್ಧ ತೊಂದರೆ: 1.5ರ ಬದಲು 1.2 ವೋಲ್ಟ್, ಮೊದಲ ದಿನದಿಂದಲೇ ‘ಬ್ಯಾಟರಿ ಕಡಿಮೆ’.

ಕೆಲವು ಕಂಪನಿಗಳು ಮಕ್ಕಳು ಬಾಯಿಗೆ ಹಾಕಿದರೆ ಉಗಿಯಲಿ ಎಂದು ಗುಂಡು ಸೆಲ್ಲಿಗೆ ಕಹಿ ಲೇಪ ಕೊಡುತ್ತವೆ. ಒಳ್ಳೆಯದೇ. ಆದರೆ ಆ ಲೇಪ ಕೆಲವು ಸೆನ್ಸರ್‌ಗಳ ತೆಳು ತಗಡಿಗೆ ಸರಿಯಾಗಿ ತಾಗಲು ಬಿಡುವುದಿಲ್ಲ. ಹೊಸ ಸೆಲ್ ಹಾಕಿದರೂ ಜೀವ ಬರದಿದ್ದರೆ ಒಣ ಬಟ್ಟೆಯಿಂದ ಅಂಚನ್ನು ಚೆನ್ನಾಗಿ ಉಜ್ಜಿ ಹಾಕಿ. ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಓಡಬೇಕು. ಎರಡೂ ಮಗ್ಗುಲಿಗೆ ಟೇಪು ಸುತ್ತಿ ಎತ್ತರದಲ್ಲಿಡಿ, ಇ-ತ್ಯಾಜ್ಯ ಕೊಡುವಾಗ ಕೊಡಿ.

ಒಂದು ವರ್ಷ ಬರಬೇಕಾದ ಸೆಲ್ ಒಂದೆರಡು ತಿಂಗಳಿಗೇ ಖಾಲಿಯಾದರೆ ಸೆಲ್ಲನ್ನು ಬೈಯಬೇಡಿ. ಸಿಗ್ನಲ್ ಸಿಗದ ಸೆನ್ಸರ್ ಪದೇ ಪದೇ ಎದ್ದು ದಾರಿ ಹುಡುಕುತ್ತಾ ಚಾರ್ಜ್ ತಿಂದುಹಾಕುತ್ತದೆ. ಮುಂದಿನ ಹೆಜ್ಜೆ ನೋಡಿ.

ಹೆಜ್ಜೆ 5: ಜಾಗ

ಮೊದಲು ಒಂದು ಪರೀಕ್ಷೆ. ರೀಸೆಟ್ ಮಾಡದೆ, ಸೆನ್ಸರನ್ನು ಹಾಗೇ ಕಿತ್ತು ತಂದು ಹಬ್ ಇರುವ ಕೋಣೆಯಲ್ಲೇ ಒಂದೆರಡು ಮೀಟರ್ ದೂರದಲ್ಲಿಡಿ. ಒಂದು ದಿನ ಪೂರ್ತಿ ಸಂಪರ್ಕ ತಪ್ಪದಿದ್ದರೆ ಸೆನ್ಸರ್ ಚೆನ್ನಾಗಿದೆ, ಜಾಗದ್ದೇ ತೊಂದರೆ. ಅಲ್ಲಿಯೂ ತಪ್ಪಿದರೆ ಜಾಗ ಬದಲಿಸಿ ಪ್ರಯೋಜನವಿಲ್ಲ, ಹೆಜ್ಜೆ 6ಕ್ಕೆ ಹೋಗಿ.

ಆ್ಯಪ್‌ನಲ್ಲಿ ಸಿಗ್ನಲ್ ಬಲ ಡಿಬಿಎಂನಲ್ಲಿ ಸಿಕ್ಕರೆ ಓದುವ ರೀತಿ ಹೀಗೆ. ಮೈನಸ್ 50ರ ಆಸುಪಾಸು ಅಂದರೆ ಬಹಳ ಚೆನ್ನಾಗಿದೆ. ಮೈನಸ್ 70 ನಡೆದೀತು. ಮೈನಸ್ 80 ದಾಟಿದರೆ ಇವತ್ತಲ್ಲ ನಾಳೆ ತಪ್ಪುತ್ತದೆ. ಬಾಗಿಲು ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಓದಿ.

ಟ್ಯಾಂಕಿನ ಸೆನ್ಸರ್ ನಮ್ಮ ಕಡೆಯ ಮನೆಗಳ ದೊಡ್ಡ ತಲೆನೋವು. ಕಾವೇರಿ ನೀರು ಸಂಪಿಗೆ ಬಂದು, ಅಲ್ಲಿಂದ ಮೋಟರಿನಲ್ಲಿ ಮೇಲಿನ ಟ್ಯಾಂಕಿಗೆ ಏರಬೇಕು. ಎರಡೂ ಕಡೆ ನೀರೆಷ್ಟಿದೆ ಎಂದು ತಿಳಿಯುವ ಆಸೆ ಸಹಜ, ಆದರೆ ರೇಡಿಯೊಗೆ ಮನೆಯಲ್ಲಿ ಇರುವ ಅತಿ ಕೆಟ್ಟ ಎರಡು ಜಾಗಗಳೂ ಅವೇ. 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರಿಕೊಳ್ಳುತ್ತದೆ, ಆರ್‌ಸಿಸಿ ಚಾವಣಿಯೊಳಗಿನ ಕಬ್ಬಿಣದ ಕಂಬಿಗಳು ತಡೆಯುತ್ತವೆ. ಸೆನ್ಸರಿನ ಡಬ್ಬಿಯನ್ನು ಟ್ಯಾಂಕಿನ ಯಾವ ಪಕ್ಕಕ್ಕೆ ಕಟ್ಟಿದ್ದೀರಿ ಎಂಬುದು ಮುಖ್ಯ. ಹಬ್ ಇರುವ ದಿಕ್ಕಿಗೂ ಡಬ್ಬಿಗೂ ನಡುವೆ ಸಾವಿರ ಲೀಟರ್ ನೀರು ನಿಂತಿದ್ದರೆ ಟ್ಯಾಂಕ್ ಖಾಲಿ ಇದ್ದಾಗ ಸಂಪರ್ಕ, ತುಂಬಿದಾಗ ಆಫ್‌ಲೈನ್. ಇದನ್ನು ಕ್ಯಾಲೆಂಡರಿನಲ್ಲಿ ನೀರು ಬಿಡುವ ದಿನಗಳ ಜೊತೆ ಹೋಲಿಸಿ ನೋಡಿದರೆ ತಕ್ಷಣ ಕಾಣುತ್ತದೆ. ಡಬ್ಬಿಯನ್ನು ಮೆಟ್ಟಿಲ ಕೋಣೆಯ ಕಡೆಗೆ ತಿರುಗಿಸಿ. ಜಿಗ್‌ಬೀ ಆದರೆ ಮೆಟ್ಟಿಲ ತಿರುವಿನಲ್ಲಿ ಒಂದು ರೌಟರ್ ಪ್ಲಗ್ ಇಡಿ. ಸಿಗ್ನಲ್ ಆರ್‌ಸಿಸಿ ಸೀಳಿಕೊಂಡು ಇಳಿಯುವುದಕ್ಕಿಂತ ಮೆಟ್ಟಿಲ ದಾರಿಯಲ್ಲಿ ಸುಲಭವಾಗಿ ಇಳಿಯುತ್ತದೆ. ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದೆಯೇ ಎಂದೂ ಒಮ್ಮೆ ನೋಡಿ, ಕಟ್ಟಿರುತ್ತದೆ.

ಸಂಪಿನ ಒಳಗೆ, ಕಬ್ಬಿಣದ ಮುಚ್ಚಳದ ಕೆಳಗೆ ಕಳುಹಿಸುವ ಭಾಗವನ್ನು ಇಡಲೇಬಾರದು. ಅಳೆಯುವ ತುದಿ ಮಾತ್ರ ಒಳಗಿರಲಿ, ತಂತಿ ಹೊರಗೆ ತಂದು ಡಬ್ಬಿಯನ್ನು ಗೋಡೆಗೆ ಕೂರಿಸಿ. ಹೀಗೆ ತಂತಿ ಬಿಡಿಸಲಾಗದ ಸೆನ್ಸರ್ ಸಂಪಿಗೆ ತಕ್ಕದ್ದಲ್ಲ.

ಕಬ್ಬಿಣದ ಬಾಗಿಲು, ಗ್ರಿಲ್ಲು, ಮಡಚುವ ಗೇಟುಗಳ ಮೇಲೆ ನೇರವಾಗಿ ಅಂಟಿಸಿದ ಬಾಗಿಲ ಸೆನ್ಸರಿನ ಆ್ಯಂಟೆನಾ ಕಬ್ಬಿಣಕ್ಕೆ ಒತ್ತಿಕೊಂಡಿರುತ್ತದೆ. ನಡುವೆ ಒಂದು ಸೆಂಟಿಮೀಟರ್ ದಪ್ಪದ ಮರದ ತುಂಡೋ ಪ್ಲಾಸ್ಟಿಕ್ಕೋ ಇಟ್ಟು ಅಂಟಿಸಿದರೆ ಅಷ್ಟಕ್ಕೇ ಸರಿಹೋಗುವುದುಂಟು. ಆಯಸ್ಕಾಂತದ ತುಂಡನ್ನೂ ಅಷ್ಟೇ ಎತ್ತರಿಸಿ, ಇಲ್ಲದಿದ್ದರೆ ಬಾಗಿಲು ಮುಚ್ಚಿದರೂ ತೆರೆದಿದೆ ಎನ್ನುತ್ತದೆ. ಸ್ಟೀಲ್ ಬೀರು, ದೊಡ್ಡ ಕನ್ನಡಿ, ಫ್ರಿಜ್ ದಾರಿಯಲ್ಲಿ ಬಂದರೆ ಹಬ್ಬನ್ನೇ ಒಂದೆರಡು ಅಡಿ ಸರಿಸಿ. ಅಗ್ರಹಾರದ ಕಡೆಯ ಹಳೆಯ ಮನೆಗಳ ದಪ್ಪ ಗೋಡೆಗಳಲ್ಲಿ ಇದ್ಯಾವುದೂ ಸಾಲದು, ಪ್ರತಿ ಎರಡು ಗೋಡೆಗೆ ಒಂದು ರೌಟರ್ ಪ್ಲಗ್ ಎಂದೇ ಲೆಕ್ಕ ಇಟ್ಟುಕೊಳ್ಳಿ.

ಮಂಡ್ಯದ ಕಡೆ, ಮಳವಳ್ಳಿ ಮದ್ದೂರು ಸುತ್ತ ರೇಷ್ಮೆ ಹುಳು ಮನೆಯಲ್ಲಿ ಉಷ್ಣಾಂಶ, ತೇವಾಂಶ ನೋಡಲು ಸೆನ್ಸರ್ ಹಾಕಿಕೊಂಡವರಿಗೆ ಎರಡು ಮಾತು. ಮೊದಲ ಹಂತದ ಚಾಕಿ ಹುಳುವಿಗೆ 28 ಡಿಗ್ರಿ ಸೆಲ್ಸಿಯಸ್ ಮತ್ತು ಶೇಕಡಾ 85ರಿಂದ 90 ತೇವ, ಕೊನೆಯ ಹಂತಕ್ಕೆ 24 ಡಿಗ್ರಿ ಮತ್ತು 65ರಿಂದ 70 ಬೇಕಾಗಿರುವಾಗ ರಾತ್ರಿ ಸಂಪರ್ಕ ತಪ್ಪಿದರೆ ನಷ್ಟ ನಿಜವಾದದ್ದು. ಚಾಕಿ ಹೊತ್ತಿನಲ್ಲಿ ಸರಿಯಾಗಿದ್ದ ಸೆನ್ಸರ್ ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಘಟ್ಟ) ಕಳೆದ ಮೇಲೆ ಕೈಕೊಡುವುದಕ್ಕೆ ಕಾರಣ ಕಣ್ಣೆದುರೇ ಇದೆ: ಕಬ್ಬಿಣದ ಸ್ಟ್ಯಾಂಡಿನ ಅಟ್ಟಣೆಗಳ ತುಂಬ ಈಗ ಹಸಿ ಸೊಪ್ಪು, ಅಂದರೆ ನೀರು. ಸೆನ್ಸರನ್ನು ಅಟ್ಟಣೆಗಳ ನಡುವೆ ಇಡದೆ, ನಡುದಾರಿಯ ಮೇಲೆ, ಹುಳುವಿನ ಹಾಸಿಗೆಯ ಮಟ್ಟಕ್ಕೆ ದಾರದಲ್ಲಿ ತೂಗುಹಾಕಿ. ಬೆಳೆಯಿಂದ ಬೆಳೆಗೆ ಮನೆ ಸೋಂಕು ನಿವಾರಣೆ ಮಾಡುವಾಗ ಸೆನ್ಸರನ್ನು ಬಿಚ್ಚಿ ಹೊರಗಿಡಿ. ಬ್ಲೀಚಿಂಗ್ ಪುಡಿಯ ಆವಿ ಸೆಲ್ ಕೂರುವ ತಗಡನ್ನು ತಿಂದುಹಾಕುತ್ತದೆ, ಸುಣ್ಣದ ಪುಡಿ ತೇವ ಅಳೆಯುವ ರಂಧ್ರಕ್ಕೆ ಕೂರುತ್ತದೆ. ತಗಡು ಹಸಿರು ತಿರುಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೃದುವಾಗಿ ಉಜ್ಜಿ.

ಹೆಜ್ಜೆ 6: ಚಾನೆಲ್ ಜಗಳ

ಕರೆಂಟ್ ಹೋಗಿ ಬಂದ ಮೇಲೆ ಜಿಗ್‌ಬೀ ಸೆನ್ಸರ್ ತಪ್ಪುತ್ತಿದ್ದರೆ ಇದನ್ನು ಓದಿ. ವೈ-ಫೈ ರೌಟರಿನಲ್ಲಿ ಚಾನೆಲ್ ‘ಆಟೋ’ದಲ್ಲಿದ್ದರೆ ಪ್ರತಿ ಸಲ ಚಾಲೂ ಆದಾಗ ಅದು ತನಗೆ ತೋಚಿದ ಚಾನೆಲ್ ಹಿಡಿಯುತ್ತದೆ. ನಿನ್ನೆ 1ರಲ್ಲಿ ಇದ್ದದ್ದು ಇವತ್ತು 11. ಜಿಗ್‌ಬೀ ಹಬ್ ಹಾಗಲ್ಲ, ಮೊದಲ ದಿನ ಆರಿಸಿಕೊಂಡ ಚಾನೆಲ್ಲಿನಲ್ಲೇ ಕೂತಿರುತ್ತದೆ. ಇದರ ತಲೆಯ ಮೇಲೆ ಅದು ಬಂದು ಕೂತರೆ ಪಿಸುಮಾತಿನ ಸೆನ್ಸರ್ ಹೇಳಿದ್ದು ಹಬ್‌ಗೆ ಕೇಳಿಸುವುದಿಲ್ಲ.

ಲೆಕ್ಕ ಇಷ್ಟು. ವೈ-ಫೈ 1, 6, 11ರ ನಡುಬಿಂದುಗಳು 2412, 2437, 2462 ಮೆಗಾಹರ್ಟ್ಸ್. ಒಂದೊಂದೂ ಆಚೀಚೆ 10–11 ಮೆಗಾಹರ್ಟ್ಸ್ ಹರಡಿಕೊಳ್ಳುತ್ತದೆ. ಜಿಗ್‌ಬೀಗೆ 11ರಿಂದ 26ರವರೆಗೆ 16 ಚಾನೆಲ್, ಒಂದೊಂದು ಬರೀ 2 ಮೆಗಾಹರ್ಟ್ಸ್ ಅಗಲ. ಜಿಗ್‌ಬೀ 15, 20, 25 ಇರುವುದು 2425, 2450, 2475ರಲ್ಲಿ, ಅಂದರೆ ಮೊದಲೆರಡು ಸರಿಯಾಗಿ ವೈ-ಫೈಗಳ ನಡುವಿನ ಸಂದಿಯಲ್ಲಿ, 25 ವೈ-ಫೈ 11ರ ಆಚೆ. ಜಿಗ್‌ಬೀ 11 ಮತ್ತು ವೈ-ಫೈ 11 ಎರಡಕ್ಕೂ ಒಂದೇ ಸಂಖ್ಯೆ ಎಂದು ಗೊಂದಲ ಬೇಡ, ಅವು ಪಟ್ಟಿಯ ಎರಡು ತುದಿಗಳಲ್ಲಿವೆ.

ರೌಟರಿನ ಸೆಟ್ಟಿಂಗ್‌ಗೆ ಹೋಗಿ 2.4 ಗಿಗಾಹರ್ಟ್ಸ್ ಭಾಗದಲ್ಲಿ ಆಟೋ ತೆಗೆದು 1, 6, 11ರಲ್ಲಿ ಒಂದನ್ನು ಗಟ್ಟಿ ಮಾಡಿ. ಚಾನೆಲ್ಲಿನ ಅಗಲ 40 ಮೆಗಾಹರ್ಟ್ಸ್ ಇದ್ದರೆ 20ಕ್ಕೆ ಇಳಿಸಿ. ವೈ-ಫೈ ವೇಗ ಬೇಕಾದವರಿಗೆ 5 ಗಿಗಾಹರ್ಟ್ಸ್ ಇದೆ. ಹಬ್ ಯಾವ ಚಾನೆಲ್ಲಿನಲ್ಲಿದೆ ಎಂದು ಅದರ ಆ್ಯಪ್‌ನಲ್ಲಿ ನೋಡಿ, ವೈ-ಫೈಯನ್ನು ಅದರಿಂದ ದೂರದ ತುದಿಗೆ ಸರಿಸಿ. ಹಬ್‌ನ ಚಾನೆಲ್ಲನ್ನೇ ಬದಲಿಸಿದರೆ ಕೆಲವು ಸೆನ್ಸರ್‌ಗಳನ್ನು ಮತ್ತೆ ಜೋಡಿಸಬೇಕಾಗುತ್ತದೆ, ಆದ್ದರಿಂದ ವೈ-ಫೈಯನ್ನು ಸರಿಸುವುದೇ ಸುಲಭ. ವಿದ್ಯುತ್ ಕಂಪನಿ ಸೆಸ್ಕ್ ಮುಂಚಿತವಾಗಿ ಪತ್ರಿಕೆಯಲ್ಲಿ ತಿಳಿಸಿ ಕರೆಂಟ್ ತೆಗೆಯುವ ದಿನ ಇದನ್ನು ಪರೀಕ್ಷಿಸಲು ಒಳ್ಳೆಯ ದಿನ. ಬೆಳಿಗ್ಗೆಯ ಮತ್ತು ಸಂಜೆಯ ಚಾನೆಲ್ ಬರೆದಿಟ್ಟು ಹೋಲಿಸಿ.

ಹಬ್ ಮತ್ತು ವೈ-ಫೈ ರೌಟರನ್ನು ಟಿವಿ ಕೆಳಗಿನ ಒಂದೇ ಗೂಡಿನಲ್ಲಿ ಒತ್ತೊತ್ತಿಗೆ ಇಡುವ ಅಭ್ಯಾಸ ಬಿಡಿ, ಕನಿಷ್ಠ ಒಂದೆರಡು ಮೀಟರ್ ಬೇರೆಯಿರಲಿ. ಕಂಪ್ಯೂಟರಿಗೆ ಚುಚ್ಚುವ ಜಿಗ್‌ಬೀ ಡಾಂಗಲ್ ಬಳಸುವವರು ಅದನ್ನು ನೀಲಿ ಬಣ್ಣದ ಯುಎಸ್‌ಬಿ 3 ರಂಧ್ರಕ್ಕೆ ನೇರ ಹಾಕಬೇಡಿ. ಯುಎಸ್‌ಬಿ 3 ತಾನೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಹೊರಡಿಸುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಅಳೆದು ಪ್ರಕಟಿಸಿದ ವಿಷಯ ಇದು. ಒಂದು ಮೀಟರಿನ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ತಂತಿ ಹಾಕಿ ಡಾಂಗಲ್ಲನ್ನು ದೂರ ಇಟ್ಟರೆ ಆಯಿತು. ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಇನ್ನೊಂದು ರಿಪೇರಿ ನನಗೆ ಗೊತ್ತಿಲ್ಲ.

ಹೆಜ್ಜೆ 7: ವೈ-ಫೈ ಸೆನ್ಸರ್ ಆದರೆ

ಇವುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ತಿಳಿಯದು. ಹೊಸ ರೌಟರ್‌ಗಳು 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟು ಸಾಧನಗಳನ್ನು ಅತ್ತಿಂದಿತ್ತ ತಳ್ಳುತ್ತವೆ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಸೆನ್ಸರನ್ನು 2.4ರದ್ದಕ್ಕೆ ಜೋಡಿಸಿ. ಭದ್ರತೆ ಡಬ್ಲ್ಯೂಪಿಎ3 ಮಾತ್ರ ಎಂದಿದ್ದರೆ ಹಳೆಯ ಸೆನ್ಸರ್ ಒಳಗೆ ಬರಲಾರದು. ಡಬ್ಲ್ಯೂಪಿಎ2 ಆಗಲಿ, ಎರಡೂ ಸೇರಿದ್ದಾಗಲಿ ಇಡಿ.

ಫೈಬರ್ ಕಂಪನಿಯ ಹುಡುಗ ಬಂದು ರೌಟರ್ ಬದಲಿಸಿ ಹೋದ ಮೇಲೆ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಹೋಗಿದ್ದರೆ ಒಂದೊಂದನ್ನೂ ಜೋಡಿಸುತ್ತಾ ಕೂರಬೇಡಿ. ಹೊಸ ರೌಟರಿಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಅಕ್ಷರಶಃ ಹಾಗೇ ಕೊಡಿ. ದೊಡ್ಡಕ್ಷರ ಸಣ್ಣಕ್ಷರ ಸಹ ತಪ್ಪಬಾರದು. ಎಲ್ಲವೂ ತಾವಾಗಿ ಬಂದು ಸೇರಿಕೊಳ್ಳುತ್ತವೆ.

ಕರೆಂಟ್ ಬಂದಾಗ ಸೆನ್ಸರ್ ಕೆಲವೇ ಸೆಕೆಂಡಿನಲ್ಲಿ ಎದ್ದು ವೈ-ಫೈ ಹುಡುಕುತ್ತದೆ, ಆದರೆ ಫೈಬರ್ ಪೆಟ್ಟಿಗೆ ಮತ್ತು ರೌಟರ್ ಏಳಲು ಒಂದೆರಡು ನಿಮಿಷ ಬೇಕು. ಕೆಲವು ಸೆನ್ಸರ್ ಅಷ್ಟರಲ್ಲಿ ಸೋತು ಕೈಬಿಟ್ಟಿರುತ್ತವೆ. ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಹಾಕಿಸಿ. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದನ್ನೂ, ಹಬ್ಬನ್ನೂ ಅದೇ ಸಾಲಿಗೆ ತನ್ನಿ. ಇನ್ವರ್ಟರ್ ಇರುವವರು ಆ ಸಾಕೆಟ್ಟಿಗೆ ಇನ್ವರ್ಟರ್ ಲೈನ್ ಬಂದಿದೆಯೇ ನೋಡಿಕೊಳ್ಳಿ, ಹಾಲಿನ ದೀಪ ಫ್ಯಾನಿಗೆ ಮಾತ್ರ ಕೊಟ್ಟಿರುವುದೇ ಹೆಚ್ಚು. ರೌಟರಿನಲ್ಲಿ ಸೆನ್ಸರಿಗೆ ಕಾಯಂ ಐಪಿ ವಿಳಾಸ ಕಾದಿರಿಸಿದರೆ ವಿಳಾಸದ ಗೊಂದಲವೂ ತಪ್ಪುತ್ತದೆ.

ಹೆಜ್ಜೆ 8: ಈಗ ರೀಸೆಟ್

ಇಷ್ಟಾದರೂ ಆಗದಿದ್ದರೆ ರೀಸೆಟ್ ಮಾಡಿ, ಆದರೆ ಅದು ಮುಂದೆ ಇರಬೇಕಾದ ಜಾಗದಲ್ಲೇ ನಿಂತು ಜೋಡಿಸಿ. ಹಾಗೆ ಮಾಡಿದರೆ ಜಿಗ್‌ಬೀ ಸೆನ್ಸರ್ ಹತ್ತಿರದ ರೌಟರನ್ನೇ ಹಿಡಿಯುತ್ತದೆ. ಹಬ್ ಪಕ್ಕ ಜೋಡಿಸಿ ಒಯ್ದರೆ ದೂರದ ಹಬ್ಬನ್ನೇ ಜೋತುಕೊಂಡಿರುತ್ತದೆ. ಆ್ಯಪ್‌ನಿಂದ ಹಳೆಯದನ್ನು ಅಳಿಸದೆ ಮತ್ತೆ ಜೋಡಿಸಲು ಬಿಡುವ ವ್ಯವಸ್ಥೆ ಇದ್ದರೆ ಹಾಗೇ ಮಾಡಿ, ಹೆಸರು ಮತ್ತು ಅದಕ್ಕೆ ಕಟ್ಟಿದ ನಿಯಮಗಳು ಉಳಿಯುತ್ತವೆ. ಹೊಸ ತಂತ್ರಾಂಶ ಬಂದಿದ್ದರೆ ಹೊಸ ಸೆಲ್ ಹಾಕಿದ ದಿನವೇ ಹಾಕಿಸಿ, ಅರ್ಧಕ್ಕೆ ಸೆಲ್ ಮುಗಿಯುವುದು ಬೇಡ. ಹಬ್ ಪಕ್ಕದಲ್ಲೂ, ಹೊಸ ಸೆಲ್ಲಿನಲ್ಲೂ, ರೀಸೆಟ್ ಆದ ಮೇಲೂ ಸಂಪರ್ಕ ತಪ್ಪುವ ಸೆನ್ಸರ್ ಮಾತ್ರ ನಿಜವಾಗಿ ಕೆಟ್ಟದ್ದು. ವಾರಂಟಿ ಕೇಳುವಾಗ ಕ್ಯಾಲೆಂಡರಿನ ಗುರುತುಗಳ ಫೋಟೊ ಕಳಿಸಿ. ‘ರೀಸೆಟ್ ಮಾಡಿ ನೋಡಿದ್ರಾ ಸಾರ್’ ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆ ಉತ್ತರವಿಲ್ಲ.

ಸಂಪಿನ ಮೋಟರ್ ವಿಷಯ ಒಂದು ಬಾಕಿ. ಟ್ಯಾಂಕ್ ತುಂಬಿದಾಗ ಮೋಟರ್ ನಿಲ್ಲಿಸುವ, ಸಂಪು ಖಾಲಿಯಾದಾಗ ಮೋಟರ್ ಒಣಗಿ ಓಡದಂತೆ ತಡೆಯುವ ಕೆಲಸವನ್ನು ವೈರ್‌ಲೆಸ್ ಸೆನ್ಸರಿಗೆ ಒಪ್ಪಿಸಬೇಡಿ. ಅದಕ್ಕೆ ತಂತಿ ಎಳೆದ ಫ್ಲೋಟ್ ಸ್ವಿಚ್ ಇರಲಿ, ಎಷ್ಟು ಹಳೆಯ ಕಾಲದ್ದು ಎನಿಸಿದರೂ ಸರಿ. ವೈರ್‌ಲೆಸ್ಸಿನಿಂದ ನೀರಿನ ಮಟ್ಟ ಫೋನಿನಲ್ಲಿ ನೋಡಿಕೊಳ್ಳಿ. ಫ್ಲೋಟ್ ಸ್ವಿಚ್ಚಿನ ತಂತಿ ಮೋಟರಿನ ಸ್ಟಾರ್ಟರಿಗೆ ನೇರ ಹೋಗಬೇಕು, ಸ್ಮಾರ್ಟ್ ಪ್ಲಗ್ಗಿನ ಮೂಲಕ ಅಲ್ಲ ಎಂದು ಎಲೆಕ್ಟ್ರಿಷಿಯನ್‌ಗೆ ಬಿಡಿಸಿ ಹೇಳಿ.